ಅಜ್ಜಿಯ ಜೊತೆ ಅಜ್ಜಿಯ ಚೌಡಿಯನ್ನೂ ಪೇಟೆಗೆ ತರಬಹುದೇ?

ಹಿನ್ನೀರಂಚು (ಚರ್ಚೆ ಆರಂಭಿಸಿದವರು)

ಸಲಹೆ ಕೇಳಲು ಬಂದಿದ್ದೇನೆ. ಹಿನ್ನೆಲೆ ಹೇಳದಿದ್ದರೆ ನನ್ನ ಪ್ರಶ್ನೆ ಹುಚ್ಚುತನದಂತೆ ಕಾಣುತ್ತದೆ, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ. ಸಹಿಸಿಕೊಳ್ಳಿ.

ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಎಂಬತ್ತು ದಾಟಿದ್ದಾಳೆ. ಎಷ್ಟು ದಾಟಿದ್ದಾಳೆ ಎಂಬ ಲೆಕ್ಕ ಅವಳಿಗೂ ಇಲ್ಲ. "ನೀರು ಬಂದ ವರ್ಷ ನಿನ್ನ ಅಪ್ಪ ಹೊಟ್ಟೆಯಲ್ಲಿದ್ದ" ಎನ್ನುತ್ತಾಳೆ. ಅವಳ ಪಂಚಾಂಗ ಅಲ್ಲಿಂದ ಶುರು. ನೀರು ಎಂದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರು, 1964. ನಾವು ದೀವರು, ಮಲೆನಾಡಿನ ಒಂದು ಬೇಸಾಯಗಾರ ಸಮುದಾಯ. ಶರಾವತಿ ಕಣಿವೆಯಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದ ಮನೆ. ನೀರು ಏರುವ ಮೊದಲು ಲಾರಿಯಲ್ಲಿ ತುಂಬಿಕೊಂಡು ಬಂದು ಶಿವಮೊಗ್ಗ ತಾಲ್ಲೂಕಿನ ಕಾಡಂಚಿನಲ್ಲಿ ಇಳಿಸಿದರಂತೆ. ಗದ್ದೆ ನಮ್ಮದಲ್ಲವಾದ್ದರಿಂದ ಗದ್ದೆಯ ಪರಿಹಾರವೂ ನಮ್ಮದಾಗಲಿಲ್ಲ, ಒಡೆಯರ ಹೆಸರಿಗೆ ಹೋಯಿತು. ಉಳುವವನಿಗೇ ಭೂಮಿ ಎಂಬ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅಷ್ಟು ಹೊತ್ತಿಗೆ ಅಜ್ಜ ಉಳುತ್ತಿದ್ದ ಗದ್ದೆ ನೀರಿನಡಿ ಹತ್ತು ವರ್ಷ ಕಳೆದಿತ್ತು. ಯಾವ ಭೂಮಿಗೆ ಅರ್ಜಿ ಹಾಕುವುದು?

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಹಿಂದೆ ಬಿಲ್ವಾರ ಮರದ ಬುಡದಲ್ಲಿ ಒಂದು ಕಲ್ಲಿದೆ. ಮೊಣಕಾಲೆತ್ತರವೂ ಇಲ್ಲ, ಆಕಾರವೂ ಇಲ್ಲ. ಅದು ನಮ್ಮ ಚೌಡಿ, ಜಾಗದ ದೇವತೆ. ಅಜ್ಜಿ ಆ ಕಲ್ಲನ್ನು ಮುಳುಗಿದ ಊರಿನ ಗದ್ದೆಯ ಬದುವಿನಿಂದ ಕಿತ್ತು, ಬಿತ್ತನೆ ಭತ್ತದ ಮೂಟೆಯೊಳಗೆ ಅಡಗಿಸಿ, ಬಸುರಿಯಾಗಿದ್ದಾಗ ಲಾರಿಯಲ್ಲಿ ತಂದಳು ಎಂಬುದು ನಮ್ಮ ಮನೆಯ ಕಥೆ. ನಾನು ಇದನ್ನು ನೂರು ಸಲ ಕೇಳಿದ್ದೇನೆ. ಕಾಲೇಜಿನಲ್ಲಿ ಇದರ ಮೇಲೆ ಪ್ರಬಂಧ ಬರೆದು ಬಹುಮಾನವನ್ನೂ ಹೊಡೆದಿದ್ದೇನೆ.

ಕಳೆದ ಮಳೆಗಾಲದಲ್ಲಿ ಅಜ್ಜಿ ಕೊಟ್ಟಿಗೆಯ ಮುಂದೆ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಮನೆಯವರ ಧೈರ್ಯ ಮುರಿಯಿತು. ಅಪ್ಪ ಶಿವಮೊಗ್ಗದ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿದ್ದಾರೆ, ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ತೀರ್ಮಾನವಾಗಿದೆ. ಅಜ್ಜಿ "ಆಯಿತು" ಎಂದಿದ್ದಾಳೆ. ಜಗಳವಾಡಿದ್ದರೆ ಸಮಾಧಾನವಾಗುತ್ತಿತ್ತು. ಆಯಿತು ಎಂದದ್ದೇ ಎಲ್ಲರಿಗೂ ಭಯ ಹುಟ್ಟಿಸಿದೆ.

ಚಿಕ್ಕಪ್ಪ ಒಂದು ಉಪಾಯ ಹೇಳುತ್ತಿದ್ದಾರೆ. ಚೌಡಿಯನ್ನೂ ಪೇಟೆಗೆ ತರೋಣ, ಕಾಂಪೌಂಡಿನ ಮೂಲೆಯಲ್ಲಿ ಗ್ರಾನೈಟ್ ಹಾಕಿಸಿ ಪುಟ್ಟ ಗುಡಿ ಕಟ್ಟಿ, ಪುರೋಹಿತರಿಂದ ಪ್ರತಿಷ್ಠೆ ಮಾಡಿಸೋಣ. ಪ್ರತಿಷ್ಠೆಯಾದ ಮೇಲೆ ವರ್ಷಕ್ಕೊಮ್ಮೆ ಕೊಡುವ ಕೋಳಿ ನಿಲ್ಲುತ್ತದೆ ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಿಲ್ಲ, ನಾವೂ ಕೇಳಿಲ್ಲ. ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಹಾಕಿದವರೂ ಅವರೇ. ಈಗ ಭತ್ತ ಉಳಿದಿರುವುದು ಒಂದೇ ಒಂದು ಮಡಿಯಲ್ಲಿ, ಅದೂ ಅಜ್ಜಿ ಹಟ ಹಿಡಿದದ್ದರಿಂದ. ಭೂಮಿ ಹುಣ್ಣಿಮೆಗೆ ಬಸುರಿ ಭೂಮಿಯ ಬಯಕೆ ತೀರಿಸಬೇಕಾದರೆ ಬಸುರಿಯಾದ ಭತ್ತವೇ ಬೇಕು ಎಂಬುದು ಅವಳ ವಾದ. ಅಡಿಕೆ ಮರಕ್ಕೆ ಬಯಕೆ ಗೊತ್ತಿಲ್ಲವಂತೆ.

ಪ್ರಶ್ನೆ ಇಷ್ಟೇ: ಕಲ್ಲನ್ನು ಕೀಳಬಹುದೇ? ಶಾಸ್ತ್ರ ಕೇಳುತ್ತಿಲ್ಲ. ನಿಮ್ಮ ಮನೆಗಳಲ್ಲಿ ಹೀಗೆ ಹಿರಿಯರನ್ನು ಅವರ ದೇವರಿಂದ ಬಿಡಿಸಿದ್ದು, ಅಥವಾ ಇಬ್ಬರನ್ನೂ ಒಟ್ಟಿಗೆ ಸಾಗಿಸಿದ್ದು ಇದೆಯೇ? ಆಮೇಲೆ ಏನಾಯಿತು?

ಒಣಮಾತು

ಕಲ್ಲನ್ನು ಕೀಳಿ, ಇಡಿ, ಏನೂ ಆಗುವುದಿಲ್ಲ. ಇಷ್ಟೊಂದು ಬರೆಯುವ ಹೊತ್ತಿಗೆ ಕೊಟ್ಟಿಗೆಯ ಮುಂದೆ ಒಂದು ಹಿಡಿಕಂಬಿ ಹಾಕಿಸಬಹುದಿತ್ತು. ಬಚ್ಚಲಿಗೂ ಒಂದು ಹಾಕಿಸಿ. ಪೇಟೆ ಮನೆಯ ಟೈಲ್ಸ್ ಕೊಟ್ಟಿಗೆಗಿಂತ ಹೆಚ್ಚು ಜಾರುತ್ತದೆ.

ಮತ್ತೊಂದು ಮಾತು. ಈಗ ಯಾರಾದರೂ ಬಂದು ಸ್ಥಾವರ ಜಂಗಮದ ವಚನ ಹಾಕಿ ಚರ್ಚೆ ಮುಗಿಯಿತು ಎನ್ನುತ್ತೀರಿ. ದಯವಿಟ್ಟು ಬೇಡ.

ನವನಗರ ನಿವಾಸಿ

ವಚನ ಹಾಕಬೇಕೆಂದೇ ಬಂದಿದ್ದೆ, ಒಣಮಾತು ಅವರು ಬಾಗಿಲು ಹಾಕಿಬಿಟ್ಟರು. ಇರಲಿ, ನಮ್ಮ ಅಮ್ಮನ ತಾಯಿಯ ವಿಷಯ ಹೇಳುತ್ತೇನೆ.

ನಮ್ಮದು ಹಳೆಯ ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಹೋಯಿತು, ನಾವು ನವನಗರಕ್ಕೆ ಬಂದೆವು. ಮೊದಲು ಓಣಿಯ ಹೆಸರು ಹೇಳಿದರೆ ಯಾರ ಮಗ, ಯಾರ ಮೊಮ್ಮಗ ಎಂದು ತಿಳಿಯುತ್ತಿತ್ತು. ಇಲ್ಲಿ ಸೆಕ್ಟರ್ ನಂಬರು ಹೇಳಬೇಕು. ಅಜ್ಜಿ ಲಿಂಗವಂತಳು, ದೇವರು ಎದೆಯ ಮೇಲೆಯೇ ಇತ್ತು. ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ, ಕರಡಿಗೆಗೆ ಹಾಕಿ ಕೊರಳಿಗೆ ಕಟ್ಟಿಕೊಂಡರೆ ಮುಗಿಯಿತು. ಸಾಗಿಸುವ ಪ್ರಶ್ನೆಯೇ ಇಲ್ಲದ ದೇವರು. ಹಾಗಾಗಿ ಇವಳಿಗೆ ಏನೂ ಕಷ್ಟವಾಗುವುದಿಲ್ಲ ಎಂದುಕೊಂಡೆವು.

ತಪ್ಪಾಯಿತು. ಹಳೆಯ ಮನೆಯಲ್ಲಿ ಅವಳು ಪೂಜೆಗೆ ಕುಳಿತುಕೊಳ್ಳುತ್ತಿದ್ದ ಜಾಗದ ಎದುರು ಒಂದು ಗವಾಕ್ಷಿ ಇತ್ತು. ಬೆಳಗಿನ ಬಿಸಿಲು ಅದರಿಂದ ಇಳಿದು ಅಂಗೈಗೆ ಬರುವ ಹೊತ್ತಿಗೆ ಪೂಜೆ ಮುಗಿಯಬೇಕು. ಅದು ಅವಳ ಗಡಿಯಾರ. ಹೊಸ ಮನೆಯಲ್ಲಿ ಬಿಸಿಲು ಅಡುಗೆಮನೆಗೆ ಬರುತ್ತಿತ್ತು. ಮೂರು ತಿಂಗಳು ಅವಳ ಪೂಜೆ ಮುಗಿಯಲೇ ಇಲ್ಲ. ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡು, ಚಹಾ ಆರಿದರೂ ಏಳದೆ ಕುಳಿತೇ ಇರುತ್ತಿದ್ದಳು. ಕೊನೆಗೆ ನಮ್ಮ ಮಾವ ಅವಳ ಮಣೆಯನ್ನು ಅಡುಗೆಮನೆಯ ಕಿಟಕಿಯ ಹತ್ತಿರ, ಗ್ಯಾಸ್ ಸಿಲಿಂಡರಿನ ಪಕ್ಕ ಹಾಕಿಕೊಟ್ಟರು. ಅಲ್ಲಿಂದ ಸರಿಯಾಯಿತು.

ನಾನು ಹೇಳುವುದು ಇಷ್ಟು: ಹಿರಿಯರ ದೇವರು ಎಲ್ಲಿದೆ ಎಂದು ನಾವು ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ನೀವು ಕಲ್ಲಿನಲ್ಲಿದೆ ಎಂದುಕೊಂಡಿದ್ದೀರಿ. ಇದ್ದರೂ ಇರಬಹುದು.

ಮೂರನೇ ಸೊಸೆ

ಎಲ್ಲರೂ ಅಜ್ಜಿಯ ಭಕ್ತಿಯ ಬಗ್ಗೆ ಬರೆಯುತ್ತಿದ್ದೀರಿ. ಸ್ವಲ್ಪ ಒಲೆಯ ಕಡೆಗೂ ಬನ್ನಿ.

ನಾನೂ ದೀವರ ಮನೆಗೆ ಸೇರಿದವಳು, ಸಾಗರದ ಕಡೆ. ಭೂಮಿ ಹುಣ್ಣಿಮೆ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಶೀಗೆ ಹುಣ್ಣಿಮೆಯ ಹಿಂದಿನ ರಾತ್ರಿ ಮನೆಯ ಹೆಂಗಸರು ಮಲಗುವಂತಿಲ್ಲ. ನೂರೊಂದು ಕುಡಿ ಎನ್ನುತ್ತಾರೆ. ಬೇಲಿ, ಗುಡ್ಡ, ಹಿತ್ತಲು ಎಲ್ಲ ತಿರುಗಿ ತಂದ ಬೆರಕೆ ಸೊಪ್ಪು ಬೇಯಬೇಕು, ಕೊಟ್ಟೆ ಕಡುಬು ಆಗಬೇಕು, ಬುತ್ತಿ ಕಟ್ಟಬೇಕು. ನಸುಕಿನಲ್ಲಿ ಗಂಡಸರು ದೊಂದಿ ಹಿಡಿದು, ಭೂಮಣ್ಣಿ ಬುಟ್ಟಿ ಹೊತ್ತು, ಗದ್ದೆಗೆ ಎಡೆ ಬೀರುತ್ತಾ, ಭೂಮಿತಾಯಿಯನ್ನು ಉಣ್ಣಲು ಕೂಗಿ ಕರೆಯುತ್ತಾ ಗಂಭೀರವಾಗಿ ಹೋಗುತ್ತಾರೆ. ಫೋಟೊಗಳಲ್ಲಿ ಬರುವುದು ಆ ದೊಂದಿ, ಆ ಬುಟ್ಟಿ. ರಾತ್ರಿಯಿಡೀ ಹೊಗೆ ಕುಡಿದವರು ಫೋಟೊದಲ್ಲಿ ಇರುವುದಿಲ್ಲ.

ನಮ್ಮ ಅತ್ತೆಯ ಭಕ್ತಿ ದೊಡ್ಡದು, ಇಲ್ಲ ಎನ್ನುವುದಿಲ್ಲ. ಆದರೆ ಅವರ ಮಂಡಿ ಹೋದ ಮೇಲೆ ಆ ಭಕ್ತಿ ನಡೆದದ್ದು ನನ್ನ ನಿದ್ದೆಯ ಮೇಲೆ. ಬೆಳಿಗ್ಗೆ ಎದ್ದು ಶಾಲೆಗೆ ಹೋಗಿ ಪಾಠ ಮಾಡಬೇಕಾದವಳು ನಾನು. ಒಂದು ವರ್ಷ ಸಿಟ್ಟಿನಿಂದ ಅಂಗಡಿಯ ಎರಡು ಕಟ್ಟು ಸೊಪ್ಪಿನಲ್ಲಿ ಮುಗಿಸಿದೆ. ಅತ್ತೆ ಪಾತ್ರೆಯ ಮುಚ್ಚಳ ತೆಗೆದು ಮೂಸಿ ನೋಡಿದರು. ಏನೂ ಅನ್ನಲಿಲ್ಲ. ಬಾಗಿಲಿಗೆ ಹೋಗಿ, ಅಂಗಳದ ಅಂಚಿನಲ್ಲಿ ತಡವಿ ನಾಲ್ಕು ತಿಮರೆ ಎಲೆ ಕಿತ್ತು ತಂದು ಪಾತ್ರೆಗೆ ಹಾಕಿ, "ಈಗ ನೂರೊಂದಾಯಿತು" ಎಂದರು. ಹಟವೂ ಅವರದೇ, ರಿಯಾಯಿತಿಯೂ ಅವರದೇ. ನಾವು ಅವರ ನಂಬಿಕೆ ಕಲ್ಲಿನಂತೆ ಗಟ್ಟಿ ಎಂದುಕೊಂಡಿರುತ್ತೇವೆ. ಅವರು ಒಳಗೊಳಗೇ ಪ್ರತಿವರ್ಷ ಲೆಕ್ಕ ಬದಲಿಸಿಕೊಂಡಿರುತ್ತಾರೆ, ನಮಗೆ ಹೇಳಿರುವುದಿಲ್ಲ ಅಷ್ಟೆ.

ಹಿನ್ನೀರಂಚು ಅವರೇ, ಪೇಟೆಯ ಗುಡಿಗೆ ದಿನಾ ದೀಪ ಹಚ್ಚುವವರು ಯಾರು? ನಿಮ್ಮ ಚಿಕ್ಕಪ್ಪನೋ, ನಿಮ್ಮ ಅಮ್ಮನೋ? ಅಮ್ಮನನ್ನು ಕೇಳಿದ್ದೀರಾ?

ಹಿನ್ನೀರಂಚು

ಕೇಳಿರಲಿಲ್ಲ. ನಿಮ್ಮ ಪ್ರತಿಕ್ರಿಯೆ ಓದಿದ ಮೇಲೆ ಕೇಳಿದೆ. ಅಮ್ಮ ಹೇಳಿದ್ದು: "ಅಂತೂ ಒಬ್ಬನಾದರೂ ಕೇಳಿದೆಯಲ್ಲ." ಉತ್ತರ ಮಾತ್ರ ಕೊಡಲಿಲ್ಲ.

ಕಾಗದಪತ್ರ

ಭಾವನೆಯ ಮಾತು ನಡೆಯುತ್ತಿರುವಾಗ ಕಡತ ಬಿಚ್ಚುತ್ತಿದ್ದೇನೆ, ಕ್ಷಮಿಸಿ. ಆ ಮನೆ, ಆ ಬಿಲ್ವಾರ ಮರದ ಜಾಗ ಯಾರ ಹೆಸರಿನಲ್ಲಿದೆ?

ಕೇಳುವುದಕ್ಕೆ ಕಾರಣವಿದೆ. ಶರಾವತಿ ಸಂತ್ರಸ್ತರಿಗೆ ಆಗ ತೋರಿಸಿದ ಜಾಗದಲ್ಲಿ ಹೆಚ್ಚಿನದು ಕಾಡು. ಕಾಡನ್ನು ಕೊಟ್ಟರು, ಆದರೆ ಎಷ್ಟೋ ಕಡೆ ಅರಣ್ಯದ ದಾಖಲೆಯಿಂದ ಅದನ್ನು ಬಿಡಿಸಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಮುಂದೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಜನ ಆಸೆಯಿಂದ ಅರ್ಜಿ ಹಾಕಿದರು. ಅದರಲ್ಲಿ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವಾಸಿಗಳಾಗಿದ್ದದ್ದನ್ನು ತೋರಿಸಬೇಕು. 1960ರ ದಶಕದಲ್ಲಿ ಸರ್ಕಾರವೇ ಲಾರಿಯಲ್ಲಿ ತಂದು ಇಳಿಸಿದವರು ಆ ಜಾಗದಲ್ಲಿ 75 ವರ್ಷವನ್ನು ಎಲ್ಲಿಂದ ತರುತ್ತಾರೆ? ಅವರ ಹಳೆಯ 75 ವರ್ಷ ನೀರಿನಡಿ ಇದೆ.

ಅಜ್ಜಿ ಮನೆ ಬಿಟ್ಟ ಕೂಡಲೇ ಆ ಜಾಗ ಖಾಲಿ ಬೀಳದಂತೆ ನೋಡಿಕೊಳ್ಳಿ. ಪೂಜೆ ನಡೆಯುವ ಜಾಗ, ದೀಪ ಹಚ್ಚುವ ಜಾಗ ಎಂದರೆ ಅಲ್ಲಿ ಜನ ಇದ್ದಾರೆ ಎಂದರ್ಥ. ನಾನು ದೇವರನ್ನು ನಂಬುವವನಲ್ಲ. ಆದರೂ ಚೌಡಿ ಅಲ್ಲೇ ಇರಲಿ ಎನ್ನುತ್ತೇನೆ.

ಒಣಮಾತು

ದೇವರನ್ನು ನಂಬದವರು ದೇವರನ್ನು ಸಾಕ್ಷಿಗೆ ಕರೆಯುತ್ತಿದ್ದಾರೆ. ಚರ್ಚೆ ಈಗ ರಂಗೇರಿತು.

ದಡದ ಹುಡುಗ

ನಾನು ತುಮರಿ ಕಡೆಯವನು, ನೀರಿನ ಆಚೆ ದಡ. ನಮ್ಮನ್ನು ಲಾರಿಯಲ್ಲಿ ಎಲ್ಲಿಗೂ ಒಯ್ಯಲಿಲ್ಲ. ನಾವಿದ್ದಲ್ಲೇ ಇದ್ದೆವು, ರಸ್ತೆ ಮುಳುಗಿ ದ್ವೀಪದವರಾದೆವು. ಸಾಗರಕ್ಕೆ ಹೋಗಬೇಕೆಂದರೆ ಲಾಂಚ್. ಬಸ್ಸು, ಬೈಕು, ಹೆರಿಗೆಗೆ ಹೊರಟವರು, ಮದುವೆ ದಿಬ್ಬಣ, ಎಲ್ಲವೂ ಅದರ ಮೇಲೆಯೇ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಳೆಬಾಗಿಲಿನಲ್ಲಿ ಕುಳಿತು ನಮ್ಮ ಊರಿನ ದೀಪ ನೋಡುತ್ತಾ ರಾತ್ರಿ ಕಳೆಯಬೇಕಿತ್ತು. 2025ರ ಜುಲೈ 14ಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಕಾರಿನಲ್ಲಿ ಸಿಗಂದೂರಿಗೆ ಹೋಗುವವರು ಹಾಡು ಮುಗಿಯುವುದರೊಳಗೆ ದಾಟುತ್ತಾರೆ.

ಸೇತುವೆಗಾಗಿ ನಮ್ಮ ಅಜ್ಜ ಅರ್ಜಿ ಬರೆದವರು, ಧರಣಿ ಕುಳಿತವರು. ಸೇತುವೆ ಬರುವ ಮೊದಲೇ ತೀರಿಕೊಂಡರು. ಅಜ್ಜಿ ಇದ್ದಾಳೆ. ಮೊದಲ ದಿನವೇ ಕರೆದುಕೊಂಡು ಹೋದೆವು. ಕಾರಿನಲ್ಲಿ ಕಿಟಕಿ ಇಳಿಸು ಎಂದಳು, ಸೆರಗಿನ ಗಂಟು ಬಿಚ್ಚಿದಳು, ಅದರಲ್ಲಿ ಒಂದು ಹಿಡಿ ಅಕ್ಕಿ. ಲಾಂಚಿನಲ್ಲಿ ಹೋಗುವಾಗ ನಡುನೀರು ಬಂದಾಗ ಅವಳು ಅಕ್ಕಿ ಬಿಡುತ್ತಿದ್ದದ್ದು ನನಗೆ ಗೊತ್ತಿತ್ತು, ಗಂಗೆಗೆ ಎಂದುಕೊಂಡಿದ್ದೆ. ಕಾರು ನಿಲ್ಲಿಸಲು ಆಗಲಿಲ್ಲ, ಹಿಂದೆ ವಾಹನಗಳ ಸಾಲು. "ಆಯಿತು ಬಿಡು, ಇಷ್ಟು ಎತ್ತರದಿಂದ ಕರೆದರೆ ಅವರಿಗೆ ಕೇಳಿಸುವುದೂ ಇಲ್ಲ" ಎಂದು ಮತ್ತೆ ಗಂಟು ಹಾಕಿಕೊಂಡಳು. ಯಾರಿಗೆ ಎಂದು ಕೇಳಿದೆ. ಮುಳುಗಿದ ಕೇರಿಯ ಏಳು ಮನೆಗಳ ಹೆಸರು ಹೇಳಿದಳು, ಮನೆಯ ಹಿಂದಿನ ಮರಗಳ ಸಮೇತ.

ಸೇತುವೆ ಬೇಡವಾಗಿತ್ತು ಎಂದು ಓದಿಕೊಳ್ಳಬೇಡಿ. ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಅವಳಿಗೆ ಎದೆನೋವು ಬಂದಾಗ ಸಾಗರ ಮುಟ್ಟಿಸಿದ್ದು ಇದೇ ಸೇತುವೆ. ವಾಪಸು ಬರುವಾಗ, ಬೆಳಗಿನ ಜಾವ, ಹಿಂದೆ ಮುಂದೆ ಯಾರೂ ಇರಲಿಲ್ಲ. ಒಂದು ನಿಮಿಷ ನಿಲ್ಲಿಸಿದೆ. ನಿಲ್ಲಿಸಬಾರದು, ಗೊತ್ತು.

ಬಂದರು ಬೀದಿ

ನಮ್ಮ ಅಜ್ಜನ ಮನೆಯೂ ಅದೇ ನೀರಿಗೆ ಹೋದದ್ದು. ಊರಿನ ಹೆಸರು ಬೇಡ. ಮುಳುಗಿದ್ದು ಹದಿನೈದು ಮನೆ, ಒಂದು ಮಸೀದಿ, ಒಂದು ಖಬರಸ್ತಾನ. ಮನೆಯನ್ನು ಬೇರೆ ಕಡೆ ಕಟ್ಟಬಹುದು, ನಮಾಜನ್ನು ಎಲ್ಲಿ ಬೇಕಾದರೂ ಮಾಡಬಹುದು, ಖಬರನ್ನು ಮಾತ್ರ ತರಲಾಗುವುದಿಲ್ಲ. ಶಬೇ ಬರಾತ್‌ಗೆ ಎಲ್ಲರೂ ತಮ್ಮ ಹಿರಿಯರ ಖಬರಿಗೆ ಹೋಗುವಾಗ ಅಜ್ಜ ಬಸ್ಸು ಹತ್ತಿ ಹಿನ್ನೀರಿನ ದಡಕ್ಕೆ ಹೋಗಿ ಫಾತಿಹಾ ಓದಿ ಬರುತ್ತಿದ್ದರು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದಲ್ಲ, ಆಗ ಅಜ್ಜ ಮಗುವಿನಂತೆ ಆಸೆಪಡುತ್ತಿದ್ದರು. ಹಿರೇಭಾಸ್ಕರ ಕಂಡರೆ ನಮ್ಮ ಖಬರಸ್ತಾನವೂ ಕಾಣಬಹುದು ಎಂದು. ಅದು ಕಾಣಲಿಲ್ಲ.

ಅವರು ಹೋದ ಮೇಲೆ ಅವರ ಖಬರು ಇಲ್ಲಿ, ಪೇಟೆಯಲ್ಲಿ. ಈಗ ನಾವು ಎರಡು ಕಡೆ ಹೋಗುತ್ತೇವೆ. ನನ್ನ ಮಗನಿಗೆ ನೀರಿನ ದಡ ಎಂದರೆ ಪಿಕ್ನಿಕ್. ಬಿಸ್ಕತ್ತು ತಿನ್ನುತ್ತಾ ನಾನು ಓದುವುದನ್ನು ನೋಡುತ್ತಾನೆ. ನೋಡಲಿ.

ಬೆಳಗಿನ ಪಾಳಿ

ನಾನು ನರ್ಸ್. ವಯಸ್ಸಾದವರನ್ನು ಹಳೆಯ ಮನೆಯಿಂದ ಹೊಸ ಮನೆಗೆ ತಂದ ಮೊದಲ ವಾರಗಳು ಕಷ್ಟದವು. ಸಂಜೆಯಾಗುತ್ತಿದ್ದಂತೆ ಗಲಿಬಿಲಿ ಹೆಚ್ಚುತ್ತದೆ, ರಾತ್ರಿ ಎದ್ದು ಬಾಗಿಲು ಹುಡುಕುತ್ತಾರೆ. ಬೀಳುವುದು ಹೆಚ್ಚಾಗಿ ಆಗಲೇ. ದಾರಿಯಲ್ಲಿ ಸಣ್ಣ ದೀಪ ಉರಿಯಲಿ, ಅವರ ಹಳೆಯ ಹಾಸಿಗೆ, ಹಳೆಯ ಚೊಂಬು ಬರಲಿ. ಹೊಸದು ತಂದುಕೊಟ್ಟು ಉಪಕಾರ ಮಾಡಬೇಡಿ. ಕೈಗೆ ರೂಢಿಯಾದ ಕೆಲಸವೊಂದು ಇರಲಿ. ಮಕ್ಕಳ ಹೆಸರು ಮರೆತವರೂ ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆಯನ್ನು ತಡವರಿಸದೆ ಹೇಳುವುದನ್ನು ನಾನು ಪಾಳಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ.

ಒಂದು ಸಂಶಯ. ನೀವು ಅಪ್ಪ, ಚಿಕ್ಕಪ್ಪ ಹೇಳಿದ್ದು ಬರೆದಿರಿ, ಅಮ್ಮನನ್ನು ಬೇರೆಯವರು ಹೇಳಿದ ಮೇಲೆ ಕೇಳಿದಿರಿ. ಕಲ್ಲಿನ ವಿಷಯ ಅಜ್ಜಿಯನ್ನೇ ಕೇಳಿದವರು ಯಾರಾದರೂ ಇದ್ದಾರೆಯೇ?

ಹಿನ್ನೀರಂಚು

ಹತ್ತು ದಿನ ಬರೆಯಲಿಲ್ಲ, ಊರಿಗೆ ಹೋಗಿದ್ದೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನನಗೇ ಇನ್ನೂ ಅರಗಿಲ್ಲ.

ನಾನು ಹೋದಾಗ ಅಜ್ಜಿ ಜಗಲಿಯಲ್ಲಿ ಕುಳಿತು ಭೂಮಣ್ಣಿ ಬುಟ್ಟಿ ಬರೆಯುತ್ತಿದ್ದಳು. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿಯಾಗಿತ್ತು. ತೆಂಗಿನ ಕರಟದಲ್ಲಿ ಅರೆದ ಅಕ್ಕಿಯ ಬಿಳಿ ಬಣ್ಣ. ಪುಂಡಿ ನಾರಿನ ತುದಿಯನ್ನು ಜಜ್ಜಿ ಕುಂಚ ಮಾಡಿಕೊಂಡಿದ್ದಳು. ಬಣ್ಣದಲ್ಲಿ ಅದ್ದಿ, ಕರಟದ ಅಂಚಿಗೆ ಒಮ್ಮೆ ಒರೆಸಿ, ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತಾ ಗೆರೆ ಎಳೆಯುತ್ತಾಳೆ. ಮೊದಲು ಕುಂಚವನ್ನು ಸರಿಸುತ್ತಿದ್ದಳು, ಈಗ ಕುಂಚವನ್ನು ಒಂದೇ ಕಡೆ ಹಿಡಿದು ಬುಟ್ಟಿಯನ್ನು ಸರಿಸುತ್ತಾಳೆ. ಆದರೂ ಗೆರೆ ನಡುಗಿ ಹಾವಿನಂತೆ ಹೋಯಿತು. ಅಳಿಸುತ್ತಾಳೆ ಎಂದುಕೊಂಡೆ. ಅದರ ಪಕ್ಕದಲ್ಲೇ ಇನ್ನೊಂದು ಗೆರೆಯನ್ನು ಅದೇ ಬಾಗಿನಲ್ಲಿ ಎಳೆದಳು. ಎರಡು ಗೆರೆ ಜೊತೆಗೆ ಬಾಗಿದ ಮೇಲೆ ಅದು ನಡುಕವಾಗಿ ಉಳಿಯಲಿಲ್ಲ, ಚಿತ್ತಾರವಾಯಿತು.

ಆಗ ಕೇಳಿದೆ. ಚೌಡಿಯನ್ನು ಶಿವಮೊಗ್ಗಕ್ಕೆ ತರೋಣವೇ ಅಜ್ಜಿ, ನೀರು ಬಂದಾಗ ನೀನು ತಂದಂತೆಯೇ?

"ನಾನು ಎಲ್ಲಿ ತಂದೆ?" ಎಂದಳು.

ಲಾರಿ, ಬಿತ್ತನೆ ಭತ್ತದ ಮೂಟೆ ಎಂದು ನೆನಪಿಸಿದೆ. ಅಜ್ಜಿ ನಕ್ಕಳು. ಆ ಮೂಟೆಯಲ್ಲಿ ಇದ್ದದ್ದು ಭತ್ತವೇ ಅಂತೆ. ಕಲ್ಲು ತರುತ್ತೇನೆಂದು ಅವಳು ಅತ್ತದ್ದು ನಿಜ, ಅಜ್ಜ ಬದುವಿನ ತನಕ ಹೋಗಿ ಹಾರೆ ಹಾಕಿದ್ದೂ ನಿಜ, ಆದರೆ ಕಲ್ಲು ಅಲುಗಲಿಲ್ಲ. ಮೇಲೆ ಕಾಣುವುದು ಮೊಣಕಾಲುದ್ದ, ಕೆಳಗೆ ಎಷ್ಟು ಆಳವೋ. ಲಾರಿಯವನು ಹಾರ್ನ್ ಹಾಕುತ್ತಿದ್ದ. ಬಿಟ್ಟು ಬಂದರು. "ಅವಳು ಅಲ್ಲೇ ಉಳಿದಳು. ನೀರಿನೊಳಗೂ ಒಬ್ಬರು ಬೇಕಲ್ಲ" ಎಂದಳು.

ಹಾಗಾದರೆ ಹಿತ್ತಿಲಿನದು? ಅದು ಇಲ್ಲಿಯದೇ. ಬಂದ ಎರಡನೇ ವರ್ಷ ಕಾಡು ಕಡಿದು ಗದ್ದೆ ಮಾಡುವಾಗ ಸಿಕ್ಕಿದ್ದಂತೆ. ಅದಕ್ಕೆ ಮೊದಲೇ ಯಾರೋ ಕುಂಕುಮ ಇಟ್ಟಿದ್ದ ಗುರುತಿತ್ತು. ಯಾರು ಇಟ್ಟವರೋ, ಅವರು ಎಲ್ಲಿಗೆ ಹೋದರೋ ಗೊತ್ತಿಲ್ಲ. "ಈ ಜಾಗ ಅವಳದು. ನಾವು ಅವಳ ಮನೆಗೆ ಬಂದವರು. ಒಂದು ಕೋಳಿ ಕೊಟ್ಟು, ಇಲ್ಲಿರುತ್ತೇವೆ ತಾಯಿ ಎಂದು ಕೇಳಿಕೊಂಡೆ. ಮನೆಗೆ ಬಂದ ನೆಂಟರು ಹೋಗುವಾಗ ಮನೆಯವಳನ್ನೇ ಹೊತ್ತುಕೊಂಡು ಹೋಗುತ್ತಾರೆಯೇ?"

ಲಾರಿಯಲ್ಲಿ ಬಂದ ಕಲ್ಲಿನ ಕಥೆ ಎಲ್ಲಿಂದ ಬಂತು ಎಂದು ಕೇಳಿದೆ. ಅಜ್ಜ ಹೇಳುತ್ತಿದ್ದರಂತೆ, ಮಕ್ಕಳಿಗೆ. ಹಾರೆಗೆ ಅಲುಗದ ಕಲ್ಲಿನ ವಿಷಯ ಹೇಳಲು ಅವರಿಗೆ ಮನಸ್ಸಾಗಿರಲಿಕ್ಕಿಲ್ಲ ಎಂದು ನನ್ನ ಊಹೆ. ಅಜ್ಜಿ ಅರವತ್ತು ವರ್ಷ ಅದನ್ನು ತಿದ್ದಲಿಲ್ಲ. ಯಾಕೆ ತಿದ್ದಲಿಲ್ಲ ಎಂದರೆ, "ಅವರು ಹೇಳುವಾಗ ಚೆನ್ನಾಗಿ ಹೇಳುತ್ತಿದ್ದರು" ಎಂದಳು. ನನ್ನ ಬಹುಮಾನದ ಪ್ರಬಂಧ ಏನಾಯಿತು ಎಂದು ಕೇಳಬೇಡಿ.

ನವನಗರ ನಿವಾಸಿ

ಎರಡು ಸಲ ಓದಿದೆ. ನಮ್ಮ ಮಾವನಿಗೂ ಓದಿ ಹೇಳಿದೆ. ಅವರು ಸುಮ್ಮನೆ ಎದ್ದು ಹೋಗಿ ಅಡುಗೆಮನೆಯ ಕಿಟಕಿ ತೆರೆದರು.

ಕಾಗದಪತ್ರ

ಆ ಕುಂಕುಮದ ಗುರುತು ನನ್ನನ್ನು ಕಾಡುತ್ತಿದೆ. ಅಂದರೆ ನಿಮಗಿಂತ ಮೊದಲು ಅಲ್ಲಿ ಯಾರೋ ಇದ್ದರು, ಅವರನ್ನೂ ಯಾರೋ ಎಬ್ಬಿಸಿದ್ದರು. ಯಾವ ಕಡತದಲ್ಲೂ ಅವರಿರುವುದಿಲ್ಲ.

ಒಣಮಾತು

ಹಿಡಿಕಂಬಿ ಹಾಕಿಸಿದಿರಾ?

ಹಿನ್ನೀರಂಚು

ಹಾಕಿಸಿದೆ, ಎರಡು ಕಡೆ. ಶಿವಮೊಗ್ಗದ ಬಚ್ಚಲಿಗೂ.

ಇನ್ನೊಂದು ವಿಷಯ ಬರೆಯುವುದು ಬಿಟ್ಟಿದ್ದೆ. ಪೇಟೆಗೆ ಬರಲು ಅಜ್ಜಿ ಹಾಕಿದ ಷರತ್ತು ಒಂದೇ: "ಅಲ್ಲಿ ಯಾರಿದ್ದಾರೆ, ಮೊದಲು ವಿಚಾರಿಸಿ." ಅಪ್ಪನಿಗೆ ಅರ್ಥವಾಗಲಿಲ್ಲ, ಪಕ್ಕದ ಸೈಟಿನವರ ಹೆಸರು ಹೇಳತೊಡಗಿದರು. ಅಜ್ಜಿ ಕೇಳಿದ್ದು ಜಾಗದ ಒಡತಿಯನ್ನು. ಬಡಾವಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ನಾಲ್ಕೈದು ವರ್ಷಗಳ ಈಚೆಗೆ ಬಂದವರು. ಕೊನೆಗೆ ಅಪ್ಪನಿಗೆ ಹಾಲು ಹಾಕುವ ಮುದುಕ, ಬಡಾವಣೆಯಾಗುವ ಮೊದಲು ಅಲ್ಲೇ ಗದ್ದೆ ಮಾಡುತ್ತಿದ್ದವರು, ಟ್ರಾನ್ಸ್‌ಫಾರ್ಮರಿನ ಹಿಂದಿನ ಲಂಟಾನದ ಪೊದೆಯೊಳಗೆ ಕೈ ತೋರಿಸಿದರಂತೆ. ರಸ್ತೆ ಮಾಡುವಾಗ ಜೆಸಿಬಿಯವರು ಪಕ್ಕಕ್ಕೆ ತಳ್ಳಿದ ಕಲ್ಲು, ಮಲಗಿಬಿಟ್ಟಿದೆ.

ಚಿಕ್ಕಪ್ಪ ಗ್ರಾನೈಟ್ ಅಲ್ಲಿಗೇ ಹಾಕಿಸೋಣ ಎಂದರು. ಅಜ್ಜಿ, ಮೊದಲು ಎದ್ದು ಕುಳಿತುಕೊಳ್ಳಲಿ ಎಂದಳು. ಭೂಮಿ ಹುಣ್ಣಿಮೆ ಮುಗಿಸಿ ಬರುತ್ತಾಳೆ. ಹಳೆಯ ಮನೆಯಲ್ಲಿ ಚಿಕ್ಕಪ್ಪನ ಮನೆಯವರು ಇರುತ್ತಾರೆ, ದೀಪವೂ ಇರುತ್ತದೆ. ಕೋಳಿಯ ವಿಷಯ ಇನ್ನೂ ಯಾರೂ ಎತ್ತಿಲ್ಲ.

ಮೂರನೇ ಸೊಸೆ

ಎಲ್ಲ ಸರಿ. ಹುಣ್ಣಿಮೆ ನಿನ್ನೆ ಆಯಿತು. ಹಿಂದಿನ ರಾತ್ರಿ ನಿಮ್ಮ ಮನೆಯಲ್ಲಿ ಒಲೆಯ ಮುಂದೆ ಕುಳಿತವರು ಯಾರು?

ಹಿನ್ನೀರಂಚು

ನೀವು ಕೇಳುತ್ತೀರಿ ಎಂದು ಗೊತ್ತಿತ್ತು. ಅಮ್ಮ, ಚಿಕ್ಕಮ್ಮ, ನಾನು. ಅಮ್ಮನನ್ನು ಎರಡು ಗಂಟೆಗೆ ಮಲಗಲು ಕಳುಹಿಸಿದೆ, ಮೂರಕ್ಕೆ ಮತ್ತೆ ಎದ್ದು ಬಂದರು, ನನ್ನ ಮೇಲೆ ನಂಬಿಕೆ ಇಲ್ಲದೆ. ಸೊಪ್ಪು ಹುಡುಕಲು ಹಿಂದಿನ ದಿನ ಚಿಕ್ಕಪ್ಪನೂ ಬಂದರು, ಅವರ ಅಡಿಕೆ ತೋಟದ ಅಂಚಿನಲ್ಲೇ ಹನ್ನೊಂದು ಬಗೆ ಸಿಕ್ಕವು. ನನ್ನ ಲೆಕ್ಕ ಮೂವತ್ತಾರಕ್ಕೆ ನಿಂತಿತು. ಅಜ್ಜಿ ಮುಚ್ಚಳ ತೆಗೆದು ನೋಡಿ ನೂರೊಂದು ಎಂದಳು.

ಕೊಟ್ಟೆ ಕಡುಬಿನ ಎಲೆ ಕಟ್ಟುವುದು ಮಾತ್ರ ನನ್ನ ಕೈಗೆ ಹತ್ತಲಿಲ್ಲ. ನಾನು ಕಟ್ಟಿದ ಆರರಲ್ಲಿ ನಾಲ್ಕು ಬೇಯುವಾಗ ಬಿಚ್ಚಿಕೊಂಡವು. ಆ ನಾಲ್ಕನ್ನು ಅಜ್ಜಿ ಭೂಮಿಗೆ ಬೀರುವ ಎಡೆಗೆ ಕಲಸಿದಳು, ಗಟ್ಟಿಯಾದ ಎರಡನ್ನು ನನಗೇ ತಿನ್ನಿಸಿದಳು.